ಬಾಡಿಗೆ ಬಾಕಿ ಇದ್ದರೆ ಓನರ್ ಬೀಗ ಹಾಕಬಹುದಾ?

ನಾನು ವಕೀಲೆ ಅಲ್ಲ. ಗಾಂಧಿನಗರದಲ್ಲಿ ಒಬ್ಬ ಸಿವಿಲ್ ವಕೀಲರ ಆಫೀಸಿನಲ್ಲಿ ಟೈಪಿಸ್ಟ್. ಹೆಸರಿಗಷ್ಟೇ ಟೈಪಿಸ್ಟ್. ನೋಟಿಸ್ ಅಂಚೆಗೆ ಹಾಕುವುದು, ರಸೀದಿಯನ್ನು ಫೈಲಿಗೆ ಅಂಟಿಸುವುದು, ಮುಂದಿನ ತಾರೀಖು ಡೈರಿಯಲ್ಲಿ ಬರೆಯುವುದು, ಸಾಹೇಬರು ಕೋರ್ಟಿನಿಂದ ಬರುವವರೆಗೆ ಕಕ್ಷಿದಾರರನ್ನು ಕೂರಿಸಿ ಮಾತಾಡಿಸುವುದು, ಎಲ್ಲವೂ ನನ್ನ ತಲೆಗೇ. ನನಗೆ ಗೊತ್ತಿರುವ ಕಾನೂನೆಲ್ಲ ಹಾಗೆ ಕಿವಿಗೆ ಬಿದ್ದದ್ದು, ಇಲ್ಲವೇ ಕೈಯಲ್ಲಿ ಟೈಪ್ ಆದದ್ದು.

ಬಾಡಿಗೆ ಕೇಸಿಗೆ ಬರುವವರಲ್ಲಿ ಓನರ್ ಯಾರು, ಬಾಡಿಗೆದಾರ ಯಾರು ಎಂದು ಬಾಗಿಲಲ್ಲೇ ಗೊತ್ತಾಗುತ್ತದೆ. ಓನರ್ ಫೈಲ್ ತರುತ್ತಾರೆ. ಬಾಡಿಗೆದಾರರು ಪ್ಲಾಸ್ಟಿಕ್ ಕವರ್ ತರುತ್ತಾರೆ. ಕವರಿನೊಳಗೆ ನಾಲ್ಕಾಗಿ ಮಡಚಿದ ಅಗ್ರಿಮೆಂಟ್, ಕರೆಂಟ್ ಬಿಲ್ಲು, ಆಧಾರ್ ಜೆರಾಕ್ಸು, ಮೊನ್ನೆ ಬಂದ ನೋಟಿಸು. ಕುರ್ಚಿಯ ತುದಿಯಲ್ಲಿ ಕೂತು ಕೇಳುವ ಪ್ರಶ್ನೆ ಒಂದೇ: "ಮೇಡಂ, ಪೊಲೀಸ್ ಬಂದು ಸಾಮಾನು ಎತ್ತಾಕ್ತಾರಾ?"

ಎತ್ತಾಕಲ್ಲ. ಬಾಡಿಗೆ ಬಾಕಿ ಎಂದರೆ ಸಾಲ. ಅದು ಸಿವಿಲ್ ವ್ಯವಹಾರ. ಸಾಲ ವಸೂಲಿಗೆ ಒಂದು ದಾರಿ ಇದೆ, ಮನೆ ಖಾಲಿ ಮಾಡಿಸಲೂ ದಾರಿ ಇದೆ. ಎರಡೂ ಕೋರ್ಟಿನ ಮೂಲಕವೇ ಹೋಗಬೇಕು. ಕೋರ್ಟಿನ ಆದೇಶ ಹಿಡಿದು ಬರುವ ಅಮೀನನನ್ನು ಬಿಟ್ಟು ನಿಮ್ಮನ್ನು ಮನೆಯಿಂದ ಹೊರಗೆ ಹಾಕುವ ಅಧಿಕಾರ ಯಾರಿಗೂ ಇಲ್ಲ. ಓನರ್‌ಗಿಲ್ಲ, ಬ್ರೋಕರ್‌ಗಿಲ್ಲ, ಓನರ್ ಮಗನ ಸ್ನೇಹಿತರಿಗಂತೂ ಇಲ್ಲವೇ ಇಲ್ಲ. ಪೊಲೀಸರು ಬರುವುದಾದರೂ ಅಮೀನನ ಜೊತೆ, ಕೋರ್ಟ್ ಹೇಳಿದರೆ, ಗಲಾಟೆ ಆಗದಂತೆ ನೋಡಿಕೊಳ್ಳಲು.

ಇಷ್ಟನ್ನು ದಿನಾ ಬೇರೆಯವರಿಗೆ ಹೇಳುತ್ತಿದ್ದವಳಿಗೆ ಹೋದ ವರ್ಷ ನಮ್ಮ ಕಟ್ಟಡದಲ್ಲೇ ಹೇಳುವ ಸಂದರ್ಭ ಬಂತು. ನಾವಿರುವುದು ಲಗ್ಗೆರೆಯಲ್ಲಿ. ಕೆಳಗಿನ ಮನೆಯಲ್ಲಿ ಸರೋಜಕ್ಕ ಇದ್ದರು. (ಹೆಸರು ಬದಲಿಸಿದ್ದೇನೆ. ಅವರಿಗೆ ಕೇಳಿಯೇ ಬರೆಯುತ್ತಿದ್ದೇನೆ.) ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಅವರ ಯಜಮಾನರು ಆಟೊ ಓಡಿಸುತ್ತಿದ್ದರು. ಮಳೆಗಾಲದಲ್ಲಿ ಆಟೊ ಮಗುಚಿ ಕಾಲಿಗೆ ರಾಡ್ ಹಾಕಿಸಬೇಕಾಯಿತು. ಅಲ್ಲಿಂದ ಬಾಡಿಗೆ ತಪ್ಪಿತು. ತಿಂಗಳಿಗೆ 9,000 ಬಾಡಿಗೆ, 80,000 ಅಡ್ವಾನ್ಸ್. ಮೂರು ತಿಂಗಳು ಕಟ್ಟಲಿಲ್ಲ, ಅಂದರೆ 27,000 ಬಾಕಿ. ಗಮನಿಸಿ, ಓನರ್ ಕೈಯಲ್ಲಿ ಬಾಕಿಯ ಸುಮಾರು ಮೂರು ಪಟ್ಟು ದುಡ್ಡು ಆಗಲೇ ಇತ್ತು.

ಓನರ್ ನಮಗೂ ಅವರೇ. ಕೆಟ್ಟವರೇನಲ್ಲ. ಆದರೆ ಮೂರನೇ ತಿಂಗಳು ಮೊದಲು ಮೋಟರ್ ಆನ್ ಮಾಡುವುದನ್ನು ನಿಲ್ಲಿಸಿದರು. ಆಮೇಲೆ ಕೆಳಗಿನ ಮನೆಯ ಫ್ಯೂಸ್ ಹೋಯಿತು. ಹೋಯಿತು ಎಂದರೆ ಸುಟ್ಟುಹೋದದ್ದಲ್ಲ, ಯಾರೋ ಕಿತ್ತುಕೊಂಡು ಹೋದದ್ದು. ಒಂದು ಸಂಜೆ ನಾನು ಬಸ್ಸಿಳಿದು ಬಂದರೆ ಸರೋಜಕ್ಕನ ಮಕ್ಕಳಿಬ್ಬರೂ ಸ್ಕೂಲ್ ಬ್ಯಾಗ್ ಹಾಕಿಕೊಂಡೇ ಮೆಟ್ಟಿಲ ಮೇಲೆ ಕೂತಿದ್ದವು. ಬಾಗಿಲಿಗೆ ಅವರ ಬೀಗದ ಮೇಲೆ ಇನ್ನೊಂದು ಬೀಗ. ಒಳಗೆ ಅವರ ಅಪ್ಪನ ಮಾತ್ರೆ, ಇವರ ಪುಸ್ತಕ, ಬೆಳಿಗ್ಗೆ ಮಾಡಿಟ್ಟ ಅನ್ನ. ಅಪ್ಪನನ್ನು ಅವತ್ತು ಡ್ರೆಸ್ಸಿಂಗ್‌ಗೆಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಮನೆ ಖಾಲಿ ಇದ್ದ ಹೊತ್ತು ನೋಡಿಯೇ ಹಾಕಿದ್ದರು.

"ಸುಮಾ, ಅಗ್ರಿಮೆಂಟ್ ಮುಗ್ದು ಎರಡು ವರ್ಷ ಆಯ್ತಂತೆ ಕಣೇ. ನಮಗೆ ಹಕ್ಕೇ ಇಲ್ವಂತೆ" ಎಂದರು ಸರೋಜಕ್ಕ, ಡ್ಯೂಟಿ ಮುಗಿಸಿ ಬಂದು ಬೀಗ ನೋಡಿ.

ಬೆಂಗಳೂರಿನಲ್ಲಿ ಬಾಡಿಗೆದಾರರನ್ನು ಹೆದರಿಸುವ ಮಾತುಗಳಲ್ಲಿ ಇದು ಮೊದಲನೆಯದು. ನಮ್ಮಲ್ಲಿ ಎಲ್ಲರದೂ 11 ತಿಂಗಳ ಅಗ್ರಿಮೆಂಟ್. ಒಂದು ವರ್ಷಕ್ಕೆ ಮೇಲಾದರೆ ರಿಜಿಸ್ಟರ್ ಮಾಡಿಸಬೇಕು, ಆ ಖರ್ಚು ಬೇಡ ಎಂದು 11. ಮುಗಿದ ಮೇಲೆ ಹೊಸದು ಮಾಡಿಸುವವರು ಕಡಿಮೆ. ಓನರ್ ಬಾಡಿಗೆ ತೆಗೆದುಕೊಳ್ಳುತ್ತಾ ಹೋಗುತ್ತಾರೆ, ಇವರು ಕೊಡುತ್ತಾ ಹೋಗುತ್ತಾರೆ. ಹಾಗೆ ನಡೆದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 116ನೇ ಸೆಕ್ಷನ್ ಪ್ರಕಾರ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಆಗುತ್ತದೆ. ಅದನ್ನು ಮುಗಿಸಬೇಕಾದರೆ 106ನೇ ಸೆಕ್ಷನ್ ಹೇಳುವಂತೆ 15 ದಿನದ ನೋಟಿಸನ್ನು ಬರಹದಲ್ಲಿ ಕೊಡಬೇಕು. ಅಗ್ರಿಮೆಂಟಿನಲ್ಲಿ ಒಂದು ತಿಂಗಳು, ಎರಡು ತಿಂಗಳು ಎಂದು ಬರೆದಿದ್ದರೆ ಅದೇ ಲೆಕ್ಕ. ವಾಟ್ಸಾಪಿನಲ್ಲಿ "ನಾಳೆ ಖಾಲಿ ಮಾಡಿ" ಎಂದು ಕಳಿಸುವುದೆಲ್ಲ ಸಿಟ್ಟು ತೀರಿಸಿಕೊಳ್ಳುವ ದಾರಿ ಅಷ್ಟೆ.

ಇನ್ನೂ ಮುಖ್ಯವಾದ ವಿಷಯ ಏನೆಂದರೆ, ನೋಟಿಸ್ ಕೊಟ್ಟು 15 ದಿನ ಕಳೆದ ಮೇಲೂ ಓನರ್ ಬೀಗ ಹಾಕುವಂತಿಲ್ಲ. ಅವರು ಕೋರ್ಟಿಗೆ ಹೋಗಬಹುದು, ಅಷ್ಟೇ. ಸುಪ್ರೀಂ ಕೋರ್ಟ್ 1989ರ ಕೃಷ್ಣರಾಮ ಮಹಾಲೆ ಕೇಸಿನಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಒಬ್ಬ ವ್ಯಕ್ತಿಗೆ ಅಲ್ಲಿರಲು ಹಕ್ಕೇ ಇಲ್ಲ ಅಂತಲೇ ಇಟ್ಟುಕೊಳ್ಳಿ, ನೆಲೆಯಾಗಿ ಸ್ವಾಧೀನದಲ್ಲಿದ್ದರೆ ಮಾಲೀಕ ಕಾನೂನಿನ ಮೂಲಕವೇ ಬಿಡಿಸಿಕೊಳ್ಳಬೇಕು ಎಂದಿದೆ. ನಮ್ಮ ಕರ್ನಾಟಕದಿಂದಲೇ ಹೋದ ರಾಮೇಗೌಡ ಕೇಸಿನಲ್ಲಿ, 2003ರ ಡಿಸೆಂಬರಿನಲ್ಲಿ, ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಮತ್ತೆ ಹೇಳಿತು. ಇವೆರಡನ್ನೂ ನಾನು ಎಷ್ಟು ಸಲ ಟೈಪ್ ಮಾಡಿದ್ದೇನೆ ಎಂದರೆ ಸೈಟೇಶನ್, ಅಂದರೆ ತೀರ್ಪು ಯಾವ ಪುಸ್ತಕದ ಎಷ್ಟನೇ ಪುಟದಲ್ಲಿದೆ ಎಂಬ ಗುರುತು, ನಿದ್ದೆಗಣ್ಣಲ್ಲೂ ಬರುತ್ತದೆ.

ಅವತ್ತು ಸಂಜೆ ಸೈಟೇಶನ್ ಯಾರಿಗೂ ಬೇಕಿರಲಿಲ್ಲ. ಎರಡೂ ಬೀಗ ಕಾಣುವಂತೆ ಫೋಟೊ ತೆಗೆದೆವು. ಫ್ಯೂಸ್ ಇಲ್ಲದ ಮೀಟರ್ ಬೋರ್ಡಿನದೂ ತೆಗೆದೆವು. ಎದುರು ಮನೆಯ ಅಂಗಡಿ ಅಣ್ಣ ಓನರ್ ಮಗ ಬೀಗ ಹಾಕಿದ್ದನ್ನು ನೋಡಿದ್ದರು, ಅವರ ನಂಬರ್ ಬರೆದುಕೊಂಡೆವು. ಸರೋಜಕ್ಕನ ಅಣ್ಣ ಕಲ್ಲು ತಂದು ಬೀಗ ಒಡೆಯುತ್ತೇನೆ ಎಂದು ನಿಂತಿದ್ದರು. ಬೇಡ ಎಂದೆ. ಒಡೆದರೆ ನಾಳೆ ಕಥೆ ಉಲ್ಟಾ ಆಗುತ್ತದೆ, ಕಂಪ್ಲೇಂಟ್ ಓನರ್ ಕೊಡುತ್ತಾರೆ.

ಬಿಳಿ ಹಾಳೆಯಲ್ಲಿ ದೂರು ನಾನೇ ಬರೆದೆ. ಬಾಕಿ ಎಷ್ಟಿದೆ ಎಂಬುದನ್ನು ಮುಚ್ಚಿಡಲಿಲ್ಲ. "ನನ್ನ ಮೂರು ತಿಂಗಳ ಬಾಡಿಗೆ ಬಾಕಿ ಇರುವುದು ನಿಜ. ಯಾವ ಕೋರ್ಟ್ ಆದೇಶವೂ ಇಲ್ಲದೆ ಮನೆಗೆ ಬೀಗ ಹಾಕಿ, ನನ್ನನ್ನೂ ಮಕ್ಕಳನ್ನೂ ಒಳಗೆ ಹೋಗದಂತೆ ತಡೆದಿದ್ದಾರೆ" ಎಂದಿಷ್ಟೇ. ಸ್ಟೇಷನ್ನಿನಲ್ಲಿ ಮೊದಲು ಸಿಕ್ಕ ಉತ್ತರ ನಿರೀಕ್ಷಿಸಿದ್ದೇ: "ಇದು ಸಿವಿಲ್ ಮ್ಯಾಟರ್ ಕಣಮ್ಮ." ಬಾಕಿ ಸಿವಿಲ್ ಮ್ಯಾಟರ್, ಸರಿ. ಬೀಗ ಹಾಕಿ ತಡೆಯುವುದು ಹಾಗಲ್ಲ. 2024ರ ಜುಲೈ 1ರಿಂದ ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಕ್ರಮವಾಗಿ ತಡೆಯುವುದು 126ನೇ ಸೆಕ್ಷನ್, ಅತಿಕ್ರಮ ಪ್ರವೇಶ 329, ಬೆದರಿಕೆ 351. ನಂಬರ್ ಹೇಳಿದರೆ ಕೆಲವು ಸಲ ಕೆಲಸ ಆಗುತ್ತದೆ, ಕೆಲವು ಸಲ "ನೀವೇನು ಲಾಯರ್ರಾ" ಎಂದು ಕೇಳುತ್ತಾರೆ. ನನಗೆ ಎರಡೂ ಆಯಿತು. ಕೊನೆಗೆ ಓನರ್‌ಗೆ ಫೋನ್ ಹೋಯಿತು. ರಾತ್ರಿ ಊಟದ ಹೊತ್ತಿಗೆ ಬೀಗ ತೆಗೆದರು. ದೂರಿನ ನಕಲಿಗೆ ಸೀಲು ಹಾಕಿಸಿಕೊಂಡು ಬಂದೆವು. ಆ ಸೀಲು ಬಿದ್ದ ಹಾಳೆಗೆ ಮುಂದೆ ಬಹಳ ಬೆಲೆ ಬಂತು.

ಸ್ಟೇಷನ್ನಿನಲ್ಲಿ ಏನೂ ಆಗದೇ ಇದ್ದಿದ್ದರೆ ಎಂದು ಹಲವರು ಕೇಳಿದ್ದಾರೆ. ಆಗ ಸಿವಿಲ್ ಕೋರ್ಟು. ಕಾನೂನಿನ ಕ್ರಮವಿಲ್ಲದೆ ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಕೆಳಗೆ ಸ್ವಾಧೀನ ವಾಪಸ್ ಕೊಡಿಸಿ ಎಂದು ದಾವೆ ಹಾಕಬಹುದು. ಆ ದಾವೆಯಲ್ಲಿ ಮನೆ ಯಾರದು ಎಂಬ ಪ್ರಶ್ನೆಯೇ ಬರುವುದಿಲ್ಲ. ಯಾರು ಇದ್ದರು, ಅವರನ್ನು ಹೇಗೆ ಹೊರಹಾಕಿದರು ಎಂಬುದಷ್ಟೇ ಪ್ರಶ್ನೆ. ಹೊರಹಾಕಿದ ದಿನದಿಂದ ಆರು ತಿಂಗಳೊಳಗೆ ಹಾಕಬೇಕು, ಅದು ಬಿಗಿ. ಇನ್ನೂ ಹೊರಹಾಕಿಲ್ಲ, ಬರೀ ಬೆದರಿಸುತ್ತಿದ್ದಾರೆ ಎಂದರೆ, ಕಾನೂನು ಕ್ರಮವಿಲ್ಲದೆ ಖಾಲಿ ಮಾಡಿಸಬಾರದು ಎಂದು ತಡೆಯಾಜ್ಞೆ ಕೇಳಬಹುದು. ಜಾಣ ಓನರ್ ಮೊದಲೇ ಕೇವಿಯಟ್ ಹಾಕಿರುತ್ತಾರೆ. ಕೇವಿಯಟ್ ಎಂದು ಬರೆದ ಲಕೋಟೆ ಬಂದರೆ ಕೇಸು ಬಿತ್ತು ಎಂದು ಗಾಬರಿ ಬೀಳಬೇಡಿ. "ಇವರು ಏನಾದರೂ ಹಾಕಿದರೆ ನನ್ನ ಮಾತು ಕೇಳದೆ ಆದೇಶ ಕೊಡಬೇಡಿ" ಎಂದು ಕೋರ್ಟಿಗೆ ಹೇಳಿಕೊಂಡದ್ದು ಅದು. 90 ದಿನ ಇರುತ್ತದೆ.

ಕರೆಂಟಿನ ವಿಷಯಕ್ಕೆ 2022ರಲ್ಲಿ ಸುಪ್ರೀಂ ಕೋರ್ಟ್ ಒಳ್ಳೆಯ ಮಾತು ಹೇಳಿದೆ. ವಿದ್ಯುತ್ ಮೂಲಭೂತ ಸೌಕರ್ಯ, ಓನರ್ ಒಪ್ಪಿಗೆ ಪತ್ರ ಕೊಡಲಿಲ್ಲ ಎಂಬ ಕಾರಣಕ್ಕೆ ಬಾಡಿಗೆದಾರನಿಗೆ ಸಂಪರ್ಕ ನಿರಾಕರಿಸುವಂತಿಲ್ಲ ಎಂದು. ಗೃಹಜ್ಯೋತಿ ಬಂದ ಮೇಲೆ ನಮ್ಮಂಥವರ ಆಧಾರ್ ಓನರ್ ಮೀಟರಿಗೆ ಜೋಡಣೆ ಆಗಿದೆ. ಇಂಥ ಮನೆಯಲ್ಲಿ ಇಂಥವರು ವಾಸವಿದ್ದಾರೆ ಎನ್ನಲು ಅದೂ ಒಂದು ದಾಖಲೆ ಎಂದು ನಮ್ಮ ಸಾಹೇಬರು ಸರೋಜಕ್ಕನ ಬಿಲ್ಲನ್ನೂ ಫೈಲಿಗೆ ಸೇರಿಸಿದರು. ಕರೆಂಟ್ ಬಿಲ್ ಕಸಕ್ಕೆ ಹಾಕುವವರು ಸ್ವಲ್ಪ ಯೋಚಿಸಿ.

ಬೀಗ ತೆಗೆದ ಮುಂದಿನ ವಾರ ಓನರ್ ವಕೀಲರ ನೋಟಿಸ್ ಬಂತು. ಬರಲೇಬೇಕಿತ್ತು, ಅದೇ ಸರಿಯಾದ ದಾರಿ. ಸರೋಜಕ್ಕ ಪೋಸ್ಟ್‌ಮ್ಯಾನ್ ಬಂದಾಗ ಬಾಗಿಲು ಹಾಕಿಕೊಳ್ಳೋಣ ಎಂದಿದ್ದರು. ಇದು ಬಹಳ ಜನ ಮಾಡುವ ಕೆಲಸ. ಸರಿಯಾದ ವಿಳಾಸಕ್ಕೆ ಕಳಿಸಿದ ನೋಟಿಸನ್ನು ಬೇಡ ಎಂದು ವಾಪಸ್ ಮಾಡಿದರೆ ತಲುಪಿದೆ ಎಂದೇ ಕೋರ್ಟ್ ಹಿಡಿಯುತ್ತದೆ. ಅದರಲ್ಲಿ ಏನು ಬರೆದಿದೆ ಎಂಬುದು ನಿಮಗೆ ಗೊತ್ತಾಗುವುದಿಲ್ಲ, ಅಷ್ಟೇ ಲಾಭ. ತೆಗೆದುಕೊಳ್ಳಿ, ಲಕೋಟೆಯನ್ನೂ ಎಸೆಯಬೇಡಿ. ಅದರ ಮೇಲಿನ ತಾರೀಖು ಬೇಕಾಗುತ್ತದೆ. ಉತ್ತರ ಕೊಡಿ. ನೋಟಿಸಿನಲ್ಲಿ ಐದು ತಿಂಗಳ ಬಾಕಿ ಎಂದು ಬರೆದಿದ್ದರು. ಮೂರು ತಿಂಗಳದ್ದು ಬಾಕಿ, ಉಳಿದೆರಡರದು ಫೋನ್‌ಪೇಯಲ್ಲಿ ಕಟ್ಟಿದ ದಾಖಲೆ ಇತ್ತು. ಉತ್ತರ ಕೊಡದೆ ಸುಮ್ಮನಿದ್ದಿದ್ದರೆ, ನೋಟಿಸ್ ಬಂದಾಗ ಯಾಕೆ ಹೇಳಲಿಲ್ಲ ಎಂದು ಮುಂದೆ ಕೋರ್ಟಿನಲ್ಲಿ ಕೇಳುತ್ತಿದ್ದರು. ಕೈಗೆ ಕಾಸು ಕೊಟ್ಟಿದ್ದರೆ ಹೇಗೆ ತೋರಿಸುತ್ತಿದ್ದೆವೋ ಗೊತ್ತಿಲ್ಲ.

ಇಲ್ಲೊಂದು ಕಹಿ ಮಾತು ಹೇಳಲೇಬೇಕು. "ಬಾಕಿ ಕಟ್ಟಿಬಿಟ್ಟರೆ ಮನೆ ಉಳಿಯುತ್ತೆ" ಎಂಬುದು ಎಲ್ಲರಿಗೂ ಅನ್ವಯಿಸುವುದಿಲ್ಲ. ಕರ್ನಾಟಕದಲ್ಲಿ 1999ರ ಬಾಡಿಗೆ ಕಾಯ್ದೆ ಇದೆ, 2001ರ ಕೊನೆಯ ದಿನ ಜಾರಿಗೆ ಬಂದದ್ದು. ಅದರ ಕೆಳಗೆ ಬಂದರೆ ಬಾಡಿಗೆದಾರನಿಗೆ ಒಳ್ಳೆಯ ರಕ್ಷಣೆ. ಓನರ್ 27ನೇ ಸೆಕ್ಷನ್‌ನಲ್ಲಿರುವ ಕಾರಣಗಳಲ್ಲಿ ಒಂದನ್ನು ತೋರಿಸಲೇಬೇಕು. ಬಾಕಿಯೇ ಕಾರಣ ಎಂದರೆ, ಮೊದಲು ಬೇಡಿಕೆ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ಆದರೆ ಈ ಕಾಯ್ದೆ ಯಾವ ಮನೆಗೆ? ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರದ ಮನೆಗೆ, ಉಳಿದ ಕಡೆ 2,000. ಲಗ್ಗೆರೆಯಲ್ಲಿ 3,500ಕ್ಕೆ ಈಗ ಏನು ಸಿಗುತ್ತದೆ ಹೇಳಿ? ಶೀಟ್ ಹಾಕಿದ ಒಂದು ರೂಮು ಸಿಕ್ಕರೆ ಪುಣ್ಯ. ಕಾಯ್ದೆ ಪುಸ್ತಕದಲ್ಲಿದೆ, ಬೆಂಗಳೂರಿನ ಬಹುಪಾಲು ಬಾಡಿಗೆದಾರರು ಅದರ ಹೊರಗಿದ್ದಾರೆ. ನನ್ನನ್ನು ಕೇಳಿದರೆ ಇಡೀ ವಿಷಯದಲ್ಲಿ ದೊಡ್ಡ ಅನ್ಯಾಯ ಇದೇ. ಆದರೂ ನಮ್ಮಲ್ಲಿ ಜಗಳ ಆಗುವುದು ಪೇಂಟಿಂಗ್ ಚಾರ್ಜಿಗೆ, ಈ 3,500ರ ಬಗ್ಗೆ ಯಾರೂ ತುಟಿ ಬಿಚ್ಚುವುದಿಲ್ಲ.

ಹೊರಗಿರುವವರಿಗೆ ಆ ಹಳೇ 1882ರ ಕಾಯ್ದೆಯೇ ಗತಿ. ಅದರಲ್ಲಿ ತಿಂಗಳ ಬಾಡಿಗೆಯನ್ನು ಮುಗಿಸಲು ಓನರ್ ಕಾರಣವನ್ನೇ ಹೇಳಬೇಕಿಲ್ಲ. ನೋಟಿಸ್ ಸರಿಯಾಗಿದ್ದರೆ, ಕೇಸು ಹಾಕಿದರೆ, ಇವತ್ತಲ್ಲ ನಾಳೆ ಖಾಲಿ ಮಾಡುವ ಆದೇಶ ಬರುತ್ತದೆ. ಬಾಡಿಗೆ ಕಟ್ಟಬೇಕೆಂಬ ಷರತ್ತು ಮುರಿದದ್ದಕ್ಕಾಗಿಯೇ ಅವಧಿಯ ಮಧ್ಯದಲ್ಲಿ ಅಗ್ರಿಮೆಂಟ್ ರದ್ದು ಮಾಡಿದ್ದರೆ ಮಾತ್ರ 114ನೇ ಸೆಕ್ಷನ್ ಒಂದು ಅವಕಾಶ ಕೊಡುತ್ತದೆ. ವಿಚಾರಣೆಯ ಹೊತ್ತಿಗೆ ಬಾಕಿ, ಬಡ್ಡಿ, ಕೇಸಿನ ಖರ್ಚು ಎಲ್ಲ ಕಟ್ಟಿದರೆ ಕೋರ್ಟ್ ಮನಸ್ಸು ಮಾಡಿ ಉಳಿಸಬಹುದು. ನಿಮ್ಮ ನೋಟಿಸ್ ಯಾವ ಥರದ್ದು ಎಂದು ಓದಿಸಿಕೊಳ್ಳಬೇಕಾದದ್ದು ಇದಕ್ಕೇ.

ನೋಟಿಸ್ ಬಂದ ಮೇಲೆ ಸರೋಜಕ್ಕ ಒಂದು ತಿಂಗಳ ಬಾಡಿಗೆ ಹಾಕಿದರೆ ಓನರ್ ವಾಪಸ್ ಕಳಿಸಿದರು. "ದುಡ್ಡು ಬೇಕು ಅಂತಾರೆ, ಕೊಟ್ರೆ ಬೇಡ ಅಂತಾರೆ, ಇದ್ಯಾವ ಸೀಮೆ ನ್ಯಾಯ" ಎಂದು ಸರೋಜಕ್ಕ. ಅದು ವಕೀಲರ ಸಲಹೆ. ನೋಟಿಸ್ ಕೊಟ್ಟ ಮೇಲೆ ಬಾಡಿಗೆ ಎಂದು ತೆಗೆದುಕೊಂಡರೆ, ನೋಟಿಸನ್ನು ತಾನೇ ಬಿಟ್ಟುಕೊಟ್ಟ ಹಾಗೆ ಎಂದು ಬಾಡಿಗೆದಾರ ವಾದಿಸಬಹುದು ಎಂಬ ಭಯ. ವಾಪಸ್ ಬಂದರೂ ಹಾಕಿದ ದಾಖಲೆ ಇಟ್ಟುಕೊಳ್ಳಿ. ಕೊಡಲು ಸಿದ್ಧವಿದ್ದೆವು ಎಂಬುದಕ್ಕೆ ಅದೇ ಸಾಕ್ಷಿ.

ಕೇಸು ಎಲ್ಲಿ ನಡೆಯುತ್ತದೆ ಎಂದರೆ, ಬೆಂಗಳೂರಿನಲ್ಲಿ ಇಂಥವು ಲಘು ವ್ಯವಹಾರಗಳ ನ್ಯಾಯಾಲಯಕ್ಕೆ ಹೋಗುತ್ತವೆ. ರಸ್ತೆ ಅಪಘಾತದ ಪರಿಹಾರದ ಕೇಸುಗಳೂ ಅಲ್ಲೇ. ಹಾಗಾಗಿ ಕಾರಿಡಾರಿನಲ್ಲಿ ಬ್ಯಾಂಡೇಜು, ಊರುಗೋಲು ಜಾಸ್ತಿ. ಸಮನ್ಸ್ ಬಂದರೆ ಅದರಲ್ಲಿರುವ ತಾರೀಖಿಗೆ ಹೋಗಲೇಬೇಕು. ಹೋಗದಿದ್ದರೆ ಏಕಪಕ್ಷೀಯ ಡಿಕ್ರಿ, ಅಂದರೆ ನಿಮ್ಮ ಮಾತು ಕೇಳದೆಯೇ ಕೋರ್ಟಿನ ತೀರ್ಪಿನ ಆದೇಶ ಆಗುತ್ತದೆ. ಅದನ್ನು ತೆಗೆಸಲು 30 ದಿನದ ಗಡುವು, ಅದೂ ಯಾಕೆ ಬರಲಿಲ್ಲ ಎಂಬುದಕ್ಕೆ ಒಪ್ಪುವಂಥ ಕಾರಣ ಇದ್ದರೆ. "ಎಳೆದಾಡಿದರೆ ಎರಡು ವರ್ಷ ಆರಾಮ" ಎಂದು ಸಲಹೆ ಕೊಡುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಬಾಡಿಗೆ ಮುಗಿದ ಮೇಲೆ ಇದ್ದ ದಿನಗಳಿಗೆ ಕೋರ್ಟ್ ಹಳೇ ಬಾಡಿಗೆಯನ್ನೇ ಹಾಕಬೇಕೆಂದಿಲ್ಲ, ಮಾರ್ಕೆಟ್ ರೇಟು ಹಾಕಬಹುದು. ಎಳೆದಾಡಿ ಗೆದ್ದೆ ಎಂದುಕೊಂಡವರ ಅಡ್ವಾನ್ಸ್ ಪೂರ್ತಿ ಕರಗಿ ಮೇಲೆ ಕೈಯಿಂದ ಕೊಟ್ಟದ್ದನ್ನು ನೋಡಿದ್ದೇನೆ.

ಈಗ ವಸೂಲಿ. ಬಾಕಿ ಹಣಕ್ಕೆ ಡಿಕ್ರಿ ಆದರೆ ಮನೆಯಲ್ಲಿರುವುದನ್ನೆಲ್ಲ ಹೊತ್ತೊಯ್ಯುತ್ತಾರೆ ಎಂಬ ಭಯ ಹೆಂಗಸರಿಗೆ ಜಾಸ್ತಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ನನಗೆ ತುಂಬ ಇಷ್ಟ. 1908ರ ಕಾನೂನು, ಆದರೆ ಬರೆದವರು ಅಡುಗೆಮನೆಗೆ ಇಣುಕಿ ನೋಡಿದ್ದಾರೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ, ಧರ್ಮದ ಪದ್ಧತಿಯಂತೆ ಹೆಂಗಸರು ಮೈಮೇಲಿಂದ ತೆಗೆಯಬಾರದ ಒಡವೆ, ಕಸುಬಿನವರ ಸಲಕರಣೆ, ಇವನ್ನು ಜಪ್ತಿ ಮಾಡುವಂತಿಲ್ಲ. ಸರೋಜಕ್ಕನ ತಾಳಿಯನ್ನೂ ಮನೆಯಲ್ಲಿದ್ದ ಹೊಲಿಗೆ ಮಿಷನ್ನನ್ನೂ ನೆನೆದು ನಾನು ಈ ಸಾಲು ಓದಿ ಹೇಳಿದಾಗ ಅವರ ಮುಖ ನೋಡಬೇಕಿತ್ತು. ಕೂಲಿಗಾರರ, ಮನೆಗೆಲಸದವರ ಕೂಲಿಯನ್ನೂ ಮುಟ್ಟುವಂತಿಲ್ಲ. ನುರಿತ ಕೆಲಸಗಾರರೂ ಕೂಲಿಗಾರರ ಲೆಕ್ಕಕ್ಕೆ ಸೇರುತ್ತಾರೆ. ನನ್ನಂಥ ಸಂಬಳದವರಿಗೆ ಬೇರೆ ಲೆಕ್ಕ. ಮೊದಲ 1,000 ಬಿಟ್ಟು, ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಬಿಡಬೇಕು. 19,000 ಸಂಬಳ ಎಂದರೆ 13,000 ಕೈಗೆ ಉಳಿಯುತ್ತದೆ, 6,000 ತನಕ ಹಿಡಿಯಬಹುದು. ಜಪ್ತಿಗೆ ಬಂದವರು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ವಾಸದ ಮನೆಯೊಳಗೆ ಬರುವಂತಿಲ್ಲ. ಹಣದ ಡಿಕ್ರಿಗಾಗಿ ಹೆಂಗಸನ್ನು ಸಿವಿಲ್ ಜೈಲಿಗೆ ಹಾಕುವಂತಿಲ್ಲ. ಗಂಡಸನ್ನೂ ದುಡ್ಡಿಲ್ಲ ಎಂಬ ಒಂದೇ ಕಾರಣಕ್ಕೆ ಹಾಕುವಂತಿಲ್ಲ. ಇದ್ದೂ ಕೊಡದೆ ಮೋಸ ಮಾಡುತ್ತಿದ್ದಾನೆ ಎಂದು ತೋರಿಸಬೇಕು. 1980ರಲ್ಲೇ ಸುಪ್ರೀಂ ಕೋರ್ಟ್ ಬಡತನ ಅಪರಾಧವಲ್ಲ ಎಂಬ ಅರ್ಥದಲ್ಲಿ ತೀರ್ಪು ಕೊಟ್ಟಿದೆ.

ಮೂರು ವರ್ಷಕ್ಕಿಂತ ಹಳೆಯ ಬಾಕಿಗೆ ದಾವೆ ಹಾಕಲು ಕಾಲಮಿತಿ ಮೀರಿರುತ್ತದೆ, ಅದೂ ಗೊತ್ತಿರಲಿ.

ಒಂದು ಕಡೆ ಮಾತ್ರ ಬಾಡಿಗೆ ಬಾಕಿ ಕ್ರಿಮಿನಲ್ ಕೋರ್ಟಿಗೆ ಹೋಗುತ್ತದೆ. ಅದು ಚೆಕ್ಕು. "ಭದ್ರತೆಗೆ ಎರಡು ಚೆಕ್ ಕೊಟ್ಟಿರಿ, ಸುಮ್ನೆ ಇಟ್ಕೊಂಡಿರ್ತೀನಿ" ಎಂದು ಕೇಳುವ ಓನರ್ ಇದ್ದಾರೆ. ಬಾಕಿಗೆ ಆ ಚೆಕ್ ಹಾಕಿ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಕೇಸು. ನೋಟಿಸ್ ಬಂದ 15 ದಿನದಲ್ಲಿ ಹಣ ಕೊಟ್ಟರೆ ಕೇಸು ಹಾಕಲು ಬರುವುದಿಲ್ಲ. ಈ 15 ದಿನ ದಾಟಿಸಬೇಡಿ. ಸಾಧ್ಯವಾದರೆ ಚೆಕ್ಕೇ ಕೊಡಬೇಡಿ, ಖಾಲಿ ಚೆಕ್ಕಂತೂ ದೇವರಾಣೆಗೂ ಬೇಡ.

ಓನರ್‌ಗಳೆಲ್ಲ ರಾಕ್ಷಸರು ಎಂದು ಯಾರೂ ಓದಿಕೊಳ್ಳಬಾರದು. ನಮ್ಮ ಆಫೀಸಿಗೆ ಬರುವ ಓನರ್‌ಗಳಲ್ಲಿ ಒಬ್ಬ ವಿಧವೆ ಅಜ್ಜಿ ಇದ್ದಾರೆ. ಮೇಲಿನ ಒಂದು ಮನೆಯ ಬಾಡಿಗೆಯೇ ಅವರ ಊಟ, ಅದೇ ಅವರ ಶುಗರ್ ಮಾತ್ರೆ. ಬಾಡಿಗೆದಾರ ಕೈತುಂಬ ಸಂಬಳದವನು, ಕೊಡುವುದಿಲ್ಲ, ಖಾಲಿಯೂ ಮಾಡುವುದಿಲ್ಲ, ಅಜ್ಜಿ ಕೇಳಿದರೆ ಕಾನೂನು ಹೇಳುತ್ತಾನೆ. ಅವನ ಮೇಲಿನ ನೋಟಿಸನ್ನು ಟೈಪ್ ಮಾಡುವಾಗ ನನ್ನ ಬೆರಳು ಸ್ವಲ್ಪ ಜೋರಾಗಿಯೇ ಬೀಳುತ್ತದೆ.

ಸರೋಜಕ್ಕನಿಗೆ ಬೇಕಿದ್ದದ್ದು ಸಮಯ. ಮಕ್ಕಳ ಪರೀಕ್ಷೆ ಮುಗಿಯಬೇಕು, ಯಜಮಾನರು ನಡೆಯುವಂತಾಗಬೇಕು. ವಕೀಲರ ಫೀಸಿಗೆ ದುಡ್ಡಿರಲಿಲ್ಲ, ನಮ್ಮ ಸಾಹೇಬರನ್ನು ಬಿಟ್ಟಿ ಮಾಡಿ ಎಂದು ಕೇಳಲು ನನಗೆ ಸಂಕೋಚ. ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಎಂದು ಸಾಹೇಬರೇ ಹೇಳಿದರು. 1987ರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೂ ಉಂಟು. ಫೋನ್ ನಂಬರ್ 15100. ಪ್ರತಿ ಜಿಲ್ಲಾ ಕೋರ್ಟಿನ ಆವರಣದಲ್ಲೂ ಇವರ ಕಚೇರಿ ಇರುತ್ತದೆ. ಬಾಡಿಗೆ ಕಟ್ಟಲು ಸಂಘದ ಸಾಲ, ಅದನ್ನು ತೀರಿಸಲು ಕೈಸಾಲ ಎಂದು ಸುತ್ತುವ ಮೊದಲು ಇಲ್ಲಿಗೊಮ್ಮೆ ಹೋಗಿ ಬರಬೇಕು.

ಅಲ್ಲಿಂದ ವಿಷಯ ಲೋಕ ಅದಾಲತ್‌ಗೆ ಹೋಯಿತು, ದಾವೆ ಹಾಕುವುದಕ್ಕೂ ಮೊದಲೇ. ಕೋರ್ಟ್ ಫೀ ಇಲ್ಲ. ಅಲ್ಲಿ ಒಪ್ಪಿ ಸಹಿ ಹಾಕಿದ್ದು ಡಿಕ್ರಿಗೆ ಸಮ, ಅದರ ಮೇಲೆ ಅಪೀಲೂ ಇಲ್ಲ. ಹಾಗಾಗಿ ಸಹಿ ಹಾಕುವ ಮೊದಲು ಪ್ರತಿ ಸಾಲೂ ಓದಬೇಕು. ಓನರ್ ಮೊದಲು ಗರಂ ಆಗಿದ್ದರು. ಸೀಲು ಬಿದ್ದ ದೂರಿನ ಪ್ರತಿ ಮೇಜಿನ ಮೇಲೆ ಬಂದಾಗ ದನಿ ಇಳಿಯಿತು. ಮೂರು ತಿಂಗಳು ಸಮಯ ಕೊಡುವುದು, ಹಳೇ ಬಾಕಿ 27,000 ಮತ್ತು ಈ ಮೂರು ತಿಂಗಳ 27,000 ಎರಡನ್ನೂ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳುವುದು, ಉಳಿದ 26,000 ವಾಪಸ್. ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಿ ಎಂದು ಬಾಡಿಗೆದಾರ ತಾನಾಗಿ ತೀರ್ಮಾನ ಮಾಡಿಕೊಂಡು ಸುಮ್ಮನಿರುವಂತಿಲ್ಲ, ಅಗ್ರಿಮೆಂಟ್ ಹಾಗೆ ಹೇಳಬೇಕು ಇಲ್ಲವೇ ಓನರ್ ಒಪ್ಪಬೇಕು. ಇಲ್ಲಿ ಒಪ್ಪಿದರು. "ಕೀ ಕೊಡಿ, ಆಮೇಲೆ ಹದಿನೈದು ದಿನದಲ್ಲಿ ಹಾಕ್ತೀನಿ" ಎಂದದ್ದಕ್ಕೆ ಮಾತ್ರ ಪ್ರಾಧಿಕಾರದ ವಕೀಲರು ಬಗ್ಗಲಿಲ್ಲ. ಕೀ ಮತ್ತು ಹಣ ಒಂದೇ ದಿನ, ಒಂದೇ ಹೊತ್ತಿಗೆ ಎಂದು ಬರೆಸಿದರು.

ಕೊನೆಗೆ ಜಗ್ಗಾಡಿದ್ದು ಪೇಂಟಿಂಗ್‌ಗೆ. ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಕಡಿತ ಎಂದು ಅಗ್ರಿಮೆಂಟಿನಲ್ಲಿ ಬರೆದಿತ್ತು, ಸರೋಜಕ್ಕ ಸಹಿ ಹಾಕಿದ್ದರು. ಆದರೆ ಗೋಡೆಗೆ ಬಣ್ಣ ಕಂಡು ಏಳು ವರ್ಷ ಆಗಿತ್ತು, ಅದರಲ್ಲಿ ಅರ್ಧ ಸಂಪಿನ ತೇವಕ್ಕೆ ತಾನಾಗೇ ಉದುರಿತ್ತು. 9,000 ಎಂದು ಶುರುವಾಗಿ 4,000ಕ್ಕೆ ನಿಂತಿತು. ಕೈಗೆ 22,000 ಬಂತು.

ಈಗ ಅವರು ಅಂದ್ರಹಳ್ಳಿಯಲ್ಲಿದ್ದಾರೆ. ಹೊಸ ಮನೆಯ ಅಗ್ರಿಮೆಂಟ್ ಸಹಿ ಮಾಡುವ ಮೊದಲು ನನ್ನ ಹತ್ತಿರ ತಂದಿದ್ದರು. ಎರಡು ತಿಂಗಳು ಬಾಡಿಗೆ ತಪ್ಪಿದರೆ ಓನರ್ ಬೀಗ ಹಾಕಿ ಸ್ವಾಧೀನ ತೆಗೆದುಕೊಳ್ಳಬಹುದು ಎಂಬ ಸಾಲು ಅದರಲ್ಲೂ ಇತ್ತು. ಸ್ಟಾಂಪ್ ಪೇಪರ್ ಅಂಗಡಿಯವರು ಎಲ್ಲರಿಗೂ ಒಂದೇ ನಮೂನೆ ಹೊಡೆದು ಕೊಡುತ್ತಾರೆ. ಬರೆದಿದ್ದ ಮಾತ್ರಕ್ಕೆ ಬೀಗ ಹಾಕಲು ಬರುವುದಿಲ್ಲ, ಆದರೂ ಯಾಕೆ ಇರಬೇಕು, ಹೊಡೆಸಿಹಾಕಿ ಎಂದೆ. ಸರೋಜಕ್ಕ ಅದನ್ನೂ ಹೊಡೆಸಿದರು, ಪೇಂಟಿಂಗ್ ಸಾಲನ್ನೂ ಹೊಡೆಸಿದರು, ಪಕ್ಕದಲ್ಲಿ ಇಬ್ಬರ ಸಹಿ ಹಾಕಿಸಿದರು. ಹೊಸ ಓನರ್ ಏನೂ ತಕರಾರು ಮಾಡಲಿಲ್ಲ. ಬಾಡಿಗೆಯನ್ನು 500 ಜಾಸ್ತಿ ಮಾಡಿದರು.